ಮಾವ ಮೇಜು ಹತ್ತಿದ್ದು

ನನ್ನ ಸೋದರಮಾವ ಈ ಲೋಕದಲ್ಲಿ ಪೂರ್ತಿಯಾಗಿ ನಂಬಿರುವ ವಸ್ತು ಒಂದೇ: ಮಲೆ ಮಹದೇಶ್ವರ ಬೆಟ್ಟ. ಅದನ್ನೂ ಒಮ್ಮೆ ಅಲ್ಲಾಡಿಸಿ ನೋಡಿಯೇ ನಂಬಿರಬೇಕು ಎಂಬುದು ನನ್ನ ಗುಮಾನಿ! ಕುರ್ಚಿ, ಏಣಿ, ಬಸ್ಸಿನ ಸೀಟು, ಯಾವುದನ್ನೂ ಎರಡು ಕೈಯಲ್ಲಿ ಹಿಡಿದು ಕುಲುಕದೆ ಬಳಸಿದವರಲ್ಲ. ನನ್ನ ಮದುವೆಯಲ್ಲಿ ಮಂಟಪದ ಕಂಬ ಕುಲುಕಿದರು. ಮೇಲಿದ್ದ ಹೂವೆಲ್ಲ ನಮ್ಮ ತಲೆಯ ಮೇಲೆ ಸುರಿಯಿತು. ಮುಹೂರ್ತ ಬಂತೆಂದು ತಿಳಿದ ವಾಲಗದವರು ಗಟ್ಟಿಮೇಳ ಬಾರಿಸಿಯೇಬಿಟ್ಟರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು!

ನಾನು ಕೊಳ್ಳೇಗಾಲದ ಮನೆಯಲ್ಲೇ ಕೂತು ಒಂದು ವಿಮಾ ಕಂಪನಿಯ ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುವವಳು. ಕೂತೂ ಕೂತೂ ಬೆನ್ನು ಕೈಕೊಟ್ಟಿತು. ಬಗ್ಗಿ ಚಪ್ಪಲಿ ಮೆಟ್ಟುವುದಕ್ಕೂ ಆಗದಂತಾಯಿತು. "ಹೀಗೇ ಕೂತರೆ ಕೆಲಸ ಬಿಡಬೇಕಾಗುತ್ತಮ್ಮ. ಅರ್ಧ ದಿನ ನಿಂತು ಮಾಡಿ" ಎಂದರು ಡಾಕ್ಟರು. ಅದಕ್ಕೆಂದೇ ಸ್ಟ್ಯಾಂಡಿಂಗ್ ಡೆಸ್ಕ್ ಎಂಬ ಎತ್ತರದ ಮೇಜು ಸಿಗುತ್ತದಂತೆ. ಈ ಮಾತನ್ನು ಫೋನಿನಲ್ಲಿ ಮಾವನ ಕಿವಿಗೆ ಹಾಕಿದ್ದೇ ತಡ, ಮಾರನೆಯ ಬೆಳಿಗ್ಗೆ ಯಳಂದೂರು ಕಡೆಯ ಅಗರದಿಂದ ಮೊದಲ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಹಿತ್ತಾಳೆ ಚೊಂಬು!

"ಚೊಂಬು ಯಾಕೆ ಮಾವ?"

"ಮೇಜ ಪರೀಕ್ಸೆ ಮಾಡಕ್ಕೆ ಕನ ಕೂಸು. ಬಾಯಲ್ಲಿ ಎಲ್ರೂವೆ ಗಟ್ಟಿ ಗಟ್ಟಿ ಅಂತಾರ. ನೀರು ಸುಳ್ಳೇಳದಿಲ್ಲ."

ಪೀಠೋಪಕರಣದ ಅಂಗಡಿಯಲ್ಲಿ ಬಟನ್ ಒತ್ತಿದರೆ ಮೇಲೇಳುವ ಮೋಟಾರಿನ ಮೇಜೊಂದಿತ್ತು. ಮಾವ ಅದನ್ನು ಪೂರಾ ಮೇಲಕ್ಕೆತ್ತಿಸಿದರು, ತುಂಬಿದ ಚೊಂಬು ಇಟ್ಟರು, ನನಗೆ ಟೈಪ್ ಮಾಡು ಎಂದರು. ನಾಲ್ಕು ಅಕ್ಷರ ಕುಟ್ಟುವಷ್ಟರಲ್ಲಿ ನೀರು ತುಳುಕಿತು.

"ಇದು ಫಾರಿನ್ ಮಾಲು ಸಾ!" ಎಂದ ಅಂಗಡಿಯವನು.

"ಯಾವ ಊರ ಮಾಲಾದ್ರೇನಪ್ಪ, ಚಳಿಜ್ವರ ಬಂದಂಗೆ ನಡುಗ್ತಾ ಅದಲ್ಲ!"

ಅವನಿಗೆ ರೋಷ ಬಂತು. ಇನ್ನೊಂದನ್ನು ತೋರಿಸಿ, "ಇದರ ಮೇಲೆ ಒಂದಾಳು ಹತ್ತಿದ್ರೂ ತಡೀತದೆ ಸಾ" ಎಂದುಬಿಟ್ಟ. ಆಡಬಾರದ ಮಾತು! ಮಾವ ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು, ಹತ್ತಿ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟರು. "ಒತ್ತು ಬಟನ್ನ."

ಎಪ್ಪತ್ತರ ಆ ಜೀವ ಗುಯ್ಯೆನ್ನುತ್ತ ಮೇಲೇಳುವುದನ್ನು ನಾನು ಬಾಯಿಬಿಟ್ಟುಕೊಂಡು ನೋಡಿದೆ. ಬೀದಿಯ ಜನ ಬಂದು ಸೇರಿದರು. ಒಬ್ಬಾಕೆ ತನಗೇ ಗೊತ್ತಿಲ್ಲದೆ ಕೈಮುಗಿದಳು! ಅಷ್ಟು ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಾಲ್ಕು ಜನ ಹಿಡಿದು ಇಳಿಸುತ್ತೇವೆಂದರೂ ಮಾವ ಒಪ್ಪಲಿಲ್ಲ. "ಹತ್ತಿದ ದಾರೀಲೇ ಇಳೀತೀನಿ." ಅರ್ಧ ಗಂಟೆ ಅಲ್ಲೇ ಕೂತು, ಅಂಗಡಿಯವನೇ ತರಿಸಿಕೊಟ್ಟ ಕಾಫಿ ಕುಡಿದರು. ಕರೆಂಟು ಬಂದು ಇಳಿದ ಮೇಲೆ ತೀರ್ಪು ಕೊಟ್ಟರು: "ಗಟ್ಟಿಯೇನೋ ಅದ. ಆದ್ರ ಕರೆಂಟ್‌ನೋರ ಮಾತು ಕೇಳ್ತದ, ನಮ್ಮ ಮಾತು ಕೇಳದಿಲ್ಲ."

ಅಲ್ಲಿಂದ ನೇರ ಹನೂರಿಗೆ, ಅವರ ಪರಿಚಯದ ಆಚಾರಿಯ ಹತ್ತಿರ. ನನ್ನನ್ನು ಗೋಡೆಗೆ ಒರಗಿಸಿ, ಮೊಣಕೈ ಮಡಚಿಸಿ, ಮೇಜಿನ ಎತ್ತರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಸಿದರು. ಮೇಜಿನ ಕಾಲು ಎಷ್ಟು ದಪ್ಪ ಬೇಕೆಂದು ಮಾವ ಕೈಯಗಲಿಸಿ ತೋರಿಸಿದಾಗ ಆಚಾರಿ ಉಳಿ ಕೆಳಗಿಟ್ಟ.

"ಏನ್ ಸಾ, ಆನೆ ಕಟ್ಟಾಕ್ತೀರಾ?"

"ಇಲ್ಲ ಕನಪ್ಪ, ಲ್ಯಾಪ್‌ಟಾಪು ಮಡಗಕ್ಕೆ."

ಹದಿನೈದು ದಿನಕ್ಕೆ ಗೂಡ್ಸ್ ಆಟೋದಲ್ಲಿ ಮೇಜು ಬಂತು. ಜೊತೆಗೆ ಬಂದ ನಾಲ್ವರು ಬೆವರಿಳಿಸಿಕೊಂಡು ಎತ್ತಿದರೂ ಬಾಗಿಲಲ್ಲಿ ತೂರಲಿಲ್ಲ. ಕೊನೆಗೆ ಬಾಗಿಲನ್ನೇ ಕಳಚಿ ಒಳಗೆ ತಂದದ್ದಾಯಿತು. ಮಾವ ಚೊಂಬು ತುಂಬಿಸಿಟ್ಟು ಕುಲುಕಿದರು. ನಾನು ಕುಲುಕಿದೆ. ಆ ನಾಲ್ವರೂ ಕುಲುಕಿದರು. ನೀರು ಮಿಸುಕಲಿಲ್ಲ! ನಾನು ದಂಗಾಗಿ ನಿಂತೆ.

ಆಟೋ ಹೋಯಿತು. ಈಗ ಜಂಬ ಕೊಚ್ಚಿಕೊಳ್ಳುತ್ತಾರೆ ಎಂದು ಕಾದೆ. ಮಾವ ಸುಮ್ಮನೆ ಮೇಜಿನ ಅಂಚು ಸವರುತ್ತಿದ್ದರು.

"ಯಾಕೆ ಮಾವ, ಇನ್ನೂ ಅನುಮಾನವಾ?" ಎಂದು ಕೆಣಕಿದೆ.

"ನಿಮ್ಮವ್ವ ಬಟ್ಟೆ ಹೊಲೀತಿದ್ದಳಲ್ಲ ಕೂಸು, ಆ ಮಿಷಿನ್ನು ಕುಂಟುತ್ತಿತ್ತು. ಒಂದು ಕೈಲಿ ಅದ ಅಮುಕಿ ಹಿಡ್ಕಂಡು, ಬಗ್ಗಿ ಬಗ್ಗಿ ಹೊಲೀತಿದ್ಲು. ನಾನು ನಿಮ್ಮನೆಗೆ ಓದಾಗೆಲ್ಲ ಅದರ ಕಾಲಿನಡಿಗೆ ರಟ್ಟು ಮಡಚಿ ಕೊಟ್ಟು ಬತ್ತಿದ್ದಿ. ಇಪ್ಪತ್ತು ವರ್ಸ ರಟ್ಟೇ ಕೊಟ್ಟಿ. ಒಂದು ಗಟ್ಟಿ ಮೇಜು ಮಾಡಿಸ್ಕೊಡವ ಅಂತ ನಂಗೆ ತೋಚ್ನೇ ಇಲ್ಲ ನೋಡು."

ಅವ್ವ ಕೊನೆಗಾಲದಲ್ಲಿ ಸೊಂಟ ಬಾಗಿ, ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ಅವಳು ಹೋಗಿ ಆರು ವರ್ಷವಾಗಿದೆ. ಇಷ್ಟು ದಿನದಲ್ಲಿ ಮಾವ ಈ ಮಾತು ಎತ್ತಿದ್ದು ಇದೇ ಮೊದಲು.

ಮಾವ ಟವಲಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ನನ್ನ ಬೆನ್ನ ಮೇಲೆ ಅಂಗೈಯಿಟ್ಟು, "ನೀನಾದ್ರೂ ನೆಟ್ಟುಗೆ ನಿಂತ್ಕೊ ಕೂಸು" ಎಂದರು.

ನಿಂತೆ.