ಮ್ಯಾಪಿನೊಳಗಿನ ಮ್ಯಾಪಿನಲ್ಲಿ ಒಬ್ಬರೇ ದಾನಿ

ರಾಯಚೂರಿನ ಕಾಲೇಜೊಂದರಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ನಾನು ಊರಿಗೊಂದು ಉಪಕಾರ ಮಾಡಲು ಹೊರಟೆ. ತುರ್ತಿಗೆ ರಕ್ತ ಕೊಡುವವರ ಪಟ್ಟಿ ಇಡುವ ಪ್ರೋಗ್ರಾಂ! ಮ್ಯಾಪ್ ಎಂಬ ದೊಡ್ಡ ಡಬ್ಬಿಯಲ್ಲಿ ರಕ್ತದ ಗುಂಪುಗಳು, ಗುಂಪಿನೊಳಗೆ ತಾಲೂಕಿನ ಲೆಕ್ಕದಲ್ಲಿ ಇನ್ನೊಂದು ಮ್ಯಾಪ್, ಅದರೊಳಗೆ ದಾನಿಗಳು. ಯಾವ ಡಬ್ಬಿಯಲ್ಲಿ ಯಾವ ಬಗೆಯ ಮಾಹಿತಿ ಇರತಕ್ಕದ್ದು ಎಂದು ಜೆನೆರಿಕ್ಸ್ ಬಳಸಿ ಮೊದಲೇ ಕಟ್ಟಪ್ಪಣೆ ಹೊರಡಿಸಿದ್ದೆ. ಕೋಡ್ ಪರೀಕ್ಷಿಸುವ ಕಂಪೈಲರ್ ಒಂದೂ ತಪ್ಪು ಹಿಡಿಯಲಿಲ್ಲ. ದೇವದುರ್ಗ, ಮಾನ್ವಿ ಸುತ್ತಿ ನಾಲ್ಕು ನೂರು ಹೆಸರು ತುಂಬಿದೆ. ಇನ್ನೇತಕ್ಕೆ ಎಂದು ಹೆಸರು ಬರೆದುಕೊಂಡಿದ್ದ ಕಾಗದದ ಪಟ್ಟಿಯನ್ನು ರದ್ದಿಗೆ ಹಾಕಿದೆ. ತಪ್ಪು ಮಾಹಿತಿ ಒಳಗೆ ನುಸುಳುವುದು ಅಸಾಧ್ಯ ಎಂದು ಹೆಂಡತಿ ಸುಜಾತಳ ಮುಂದೆ ಬೀಗಿದ್ದೂ ಆಯಿತು. ಸರಿಯಾದದ್ದು ಒಳಗೆ ಉಳಿಯುತ್ತದೆಯೇ ಎಂದು ಮಾತ್ರ ನೋಡಿರಲಿಲ್ಲ.

ವರ್ಷ ಕಳೆದ ಮೇಲೆ ಸುಜಾತಳ ತಂಗಿ ದೇವದುರ್ಗದಿಂದ ಹೆರಿಗೆಗೆ ರಾಯಚೂರಿಗೆ ಬಂದಳು. ಮಗು ಹುಟ್ಟಿತು, ರಕ್ತಸ್ರಾವ ನಿಲ್ಲಲಿಲ್ಲ. ಓ ನೆಗೆಟಿವ್ ಬೇಕು, ಇಲ್ಲಿ ಮುಗಿದಿದೆ, ಬೇಗ ಹುಡುಕಿ ಎಂದರು ಡಾಕ್ಟರು. ಮನೆಯವರೆಲ್ಲ ಅಳುತ್ತಿರಲು ನಾನು ಗಂಭೀರವಾಗಿ ಲ್ಯಾಪ್‌ಟಾಪ್ ತೆರೆದೆ.

ಇಡೀ ಜಿಲ್ಲೆಗೆ ಒಂದೇ ಹೆಸರು ಬಂತು. ಮಾನ್ವಿಯ ಬಸ್ ಕಂಡಕ್ಟರೊಬ್ಬರು. ಫೋನ್ ಮಾಡಿದರೆ ಅವರ ಮಗಳು ಎತ್ತಿದಳು.

"ಅಪ್ಪ ತೀರಿಹೋಗಿ ಆರು ತಿಂಗಳಾತ್ರಿ," ಎಂದಳು.

ನಾನು ತೊದಲುತ್ತ ಕ್ಷಮೆ ಕೇಳಿದೆ. ಅವಳೇ ನನಗೆ ಧೈರ್ಯ ಹೇಳಿ ಫೋನಿಟ್ಟಳು.

ಆಗ ಕಣ್ಣು ತೆರೆಯಿತು. ಹೊಸಬರನ್ನು ಸೇರಿಸಿದಾಗಲೆಲ್ಲ ನನ್ನ ಪ್ರೋಗ್ರಾಂ ಆ ಗುಂಪಿನ ಹಳೆಯ ಒಳಡಬ್ಬಿಯನ್ನು ಎಸೆದು ಹೊಸದನ್ನು ಇಡುತ್ತಿತ್ತು. ಗುಂಪಿಗೆ ಕೊನೆಯವರೊಬ್ಬರೇ ಉಳಿದಿದ್ದರು. ಈ ಗುಂಪಿನಲ್ಲಿ ಅವರೂ ಉಳಿದಿರಲಿಲ್ಲ! ಇಷ್ಟೂ ನಿಯಮಬದ್ಧವಾಗಿ, ಒಂದೇ ಒಂದು ದೋಷಸೂಚನೆಯೂ ಇಲ್ಲದೆ ನಡೆದಿತ್ತು. ಒಂದು ಜೀವ ನನ್ನ ಬುದ್ಧಿವಂತಿಕೆಗೆ ಹೋಗುತ್ತದೆಂದು ಹೆದರಿಕೆಯಾಯಿತು. ಹೆದರಿದವನು ಮಾಡಿದ್ದೇನು? ಅಲ್ಲೇ ಬೆಂಚಿನ ಮೇಲೆ ಕುಳಿತು ಕೋಡ್ ತಿದ್ದತೊಡಗಿದೆ.

ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ಸೋತ ಸುಜಾತ ನನ್ನ ಮುಂದೆ ಬಂದು ನಿಂತಳು. ಏನೋ ನೆನಪಾದವಳಂತೆ ನನ್ನ ಜೇಬಿನಿಂದ ಪಾಕೀಟು ಎಳೆದು ಡ್ರೈವಿಂಗ್ ಲೈಸೆನ್ಸ್ ತೆಗೆದು ನೋಡಿದಳು. ಲ್ಯಾಪ್‌ಟಾಪ್ ಮುಚ್ಚಿದಳು.

"ನಿಮ್ದೂ ಅದೇ ರಕ್ತ ಅದ ಅಲ್ಲೇನ್ರಿ? ಏಳ್ರಿ ಮ್ಯಾಲೆ."

ಎದ್ದೆ. ಕೊಟ್ಟೆ. ಅವಳ ತಂಗಿ ಬದುಕಿದಳು. ಮುಕ್ಕಾಲು ಗಂಟೆ ಸುಮ್ಮನೆ ಯಾಕೆ ಕುಳಿತಿದ್ದಿರಿ ಎಂದು ಡಾಕ್ಟರು ಕೇಳಿದರು. ಆ ಗುಂಪಿಗೆ ಮೊಟ್ಟಮೊದಲು ಸೇರಿಸಿದ್ದು ನನ್ನ ಹೆಸರನ್ನೇ. ಪಟ್ಟಿಯಲ್ಲಿ ಅದು ಕಾಣಲಿಲ್ಲ, ಹಾಗಾಗಿ ನನಗೂ ಹೊಳೆಯಲಿಲ್ಲ.