ಎರಡನೇ ಪರದೆಯ ಚಕ್ಕುಬಂದಿ

ಕೆಟ್ಟುಹೋದ ವಸ್ತುವನ್ನು ಯಾರು ಬೇಕಾದರೂ ಎಸೆಯಬಹುದು. ಇನ್ನೂ ಪೂರ್ತಿ ಕೆಡದ ವಸ್ತುವನ್ನು ಎಸೆಯುವುದಕ್ಕೆ ಗಟ್ಟಿ ಗುಂಡಿಗೆ ಬೇಕು, ಅದು ನನಗಿಲ್ಲ. ಹಿಡಿ ಹೋದ ಕೊಡೆ, ಒಂದೇ ಕಿವಿಗೆ ಕೇಳಿಸುವ ಇಯರ್‌ಫೋನು, ಹೊತ್ತಿಕೊಂಡರೆ ಆರದ ಟಾರ್ಚು ಎಲ್ಲವೂ ನಮ್ಮ ಮನೆಯಲ್ಲಿ ಆರಾಮಾಗಿ ಕಾಲ ಕಳೆಯುತ್ತಿವೆ. ಇವರೆಲ್ಲರಿಗೂ ಹಿರಿಯ ನನ್ನ ಹಳೆಯ ಕಂಪ್ಯೂಟರು. ಪರದೆಯ ಹೊಟ್ಟೆಯೊಳಗೇ ಯಂತ್ರವನ್ನೆಲ್ಲ ತುಂಬಿಕೊಂಡ ಪೈಕಿಯದು. ನಂಜನಗೂಡಿನಲ್ಲಿ ಪತ್ರ ಬರಹಗಾರನಾಗಿ ನಾನು ಕಾಲೂರಿದ್ದೇ ಅದರ ಮುಂದೆ ಕೂತು. ಕ್ರಯಪತ್ರ, ದಾನಪತ್ರ, ಅಣ್ಣತಮ್ಮಂದಿರ ಪಾಲುಪತ್ರ, ಎಷ್ಟು ಮನೆಗಳ ಜಗಳವನ್ನು ಅದರ ಕೀಲಿಮಣೆಯ ಮೇಲೆ ಕುಟ್ಟಿ ಸಮ ಮಾಡಿದ್ದೇನೋ! ಈಚೀಚೆಗೆ ಅದು, ಬೆಳಿಗ್ಗೆ ಗುಂಡಿ ಒತ್ತಿದರೆ ನಾನು ಸ್ನಾನ, ತಿಂಡಿ ಮುಗಿಸಿ ಬರುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಹಾಗಾಗಿ ಲ್ಯಾಪ್‌ಟಾಪ್ ಕೊಂಡೆ. ಹಳೆಯದನ್ನು ಮಾತ್ರ ಬಿಡಲಿಲ್ಲ. ನನಗೆ ಅದರ ಮೇಲೆ ಪ್ರೀತಿ, ಅಷ್ಟೇ.

ನನ್ನ ಹೆಂಡತಿ ಸರೋಜಳ ಪ್ರೀತಿ ತವರಿನ ಅಕ್ಕಿಯ ಮೇಲೆ. ಟಿ. ನರಸೀಪುರದ ಕಡೆಯಿಂದ ಅವಳ ತಮ್ಮ ಮಾದೇವ ಪ್ರತಿ ಸುಗ್ಗಿಗೂ ಮೂಟೆ ತಂದು ಹಾಕುತ್ತಾನೆ. ಆ ಮೂಟೆ ಇಡಲು ಮನೆಯಲ್ಲಿ ಉಳಿದಿರುವ ಒಂದೇ ಒಂದು ಮೂಲೆಯಲ್ಲಿ ಕಂಪ್ಯೂಟರು ಕೂತಿತ್ತು.

"ಏನ್ರೀ, ಭಾನ್ವಾರ ಮಾದೇವ ಬತ್ತಾನೆ. ಅಕ್ಕಿ ಇಳಿಸಿದ ಟೆಂಪೊದಲ್ಲೇ ಈ ಪುಣ್ಯಾತ್ಮನ್ನ ಗುಜರಿಗೆ ಸಾಗ್ಸಿಬಿಡಣ" ಎಂದಳು.

"ಅದನ್ನ ಲ್ಯಾಪ್‌ಟಾಪಿಗೆ ಎರಡನೇ ಪರದೆ ಮಾಡ್ಕೋತೀನಿ ಕಣೇ."

"ಒಂದನ್ನ ನೋಡಕ್ಕೇ ಮನೆಯೆಲ್ಲ ಕನ್ನಡಕ ಹುಡುಕ್ತೀರಿ, ಎರಡನೇದು ಯಾಕೆ? ಆಗ್ಲಿ, ಭಾನ್ವಾರ ಅದು ಕೆಲಸ ಮಾಡಿದ್ರೆ ಇರ್ಲಿ. ಇಲ್ದಿದ್ರೆ ಟೆಂಪೊ."

ಯಾಕೆ ಎಂದರೆ, ನಮ್ಮ ಕಸುಬಿನ ಜೀವವೇ ಚಕ್ಕುಬಂದಿ. ಜಮೀನಿನ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು ಎಂದು ನಾಲ್ಕು ದಿಕ್ಕಿನ ಎಲ್ಲೆ ಬರೆಯುವುದು. ಹಳೆಯ ಪತ್ರ ಒಂದು ಪರದೆಯಲ್ಲಿ, ಹೊಸದು ಇನ್ನೊಂದರಲ್ಲಿ ಇದ್ದರೆ ನೋಡಿ ಇಳಿಸುವುದು ಹಗುರ. ಕಣ್ಣು ತಪ್ಪಿ ಕಳಲೆ ಊರಿನ ದಾರಿಯನ್ನು ಹುಲ್ಲಹಳ್ಳಿಗೆ ಕೊಂಡೊಯ್ದರೆ ಮೊಮ್ಮಕ್ಕಳ ಕಾಲದವರೆಗೂ ಬಡಿದಾಟ. ಇಷ್ಟು ವರ್ಷದಲ್ಲಿ ನನ್ನ ಪತ್ರದಲ್ಲಿ ಒಂದು ದಿಕ್ಕೂ ತಪ್ಪಿಲ್ಲ. ನನಗಿರುವ ಜಂಬ ಅದೊಂದೇ, ಅದನ್ನು ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಹಂಚುತ್ತೇನೆ.

ಭಾನುವಾರ ಪೂರ್ವಕ್ಕೆ ಮುಖ ಮಾಡಿ ಕೂತೆ, ಎಡಕ್ಕೆ ಉತ್ತರ, ಬಲಕ್ಕೆ ದಕ್ಷಿಣ. ಸ್ವಿಚ್ ಬೋರ್ಡು ಎಡಗಡೆ ಇದ್ದುದರಿಂದ ಹಳೆಯದನ್ನು ಲ್ಯಾಪ್‌ಟಾಪಿನ ಎಡಕ್ಕಿಟ್ಟೆ. ವಿಡಿಯೊ ನೋಡಿ ಕಲಿತಂತೆ ಎರಡನ್ನೂ ಮನೆಯ ವೈಫೈಗೆ ಹಾಕಿ ಜೋಡಿಸಿದೆ. ಹಳೆಯ ಪರದೆ ಒಮ್ಮೆ ಕಪ್ಪಾಯಿತು, ಗೊರ್ ಎಂದಿತು, ಆಮೇಲೆ ಲ್ಯಾಪ್‌ಟಾಪಿನ ನೀಲಿ ಬಣ್ಣ ಹೊತ್ತು ಝಗ್ಗೆಂದು ಬೆಳಗಿತು. ನನ್ನ ವಯಸ್ಸು ಮರೆತು ಕುಣಿದುಬಿಟ್ಟೆ. ಅಷ್ಟರಲ್ಲಿ ಹೆಗಲ ಮೇಲೆ ಮೂಟೆ ಹೊತ್ತುಕೊಂಡು ಮಾದೇವ ಒಳಗೆ ಬಂದ.

"ಈಗ ನೋಡಿ, ಮೌಸಿನ ಬಾಣ ಇದರಿಂದ ಅದಕ್ಕೆ ದಾಟುತ್ತೆ" ಎಂದು ಮೌಸನ್ನು ಎಡಕ್ಕೆ ತಳ್ಳಿದೆ. ಬಾಣ ಲ್ಯಾಪ್‌ಟಾಪಿನ ಅಂಚಿಗೆ ಹೋಗಿ ನಿಂತಿತು. ಇನ್ನೊಮ್ಮೆ ತಳ್ಳಿದೆ, ಅಲ್ಲೇ ಹಣೆ ಚಚ್ಚಿಕೊಂಡಿತು.

"ಅಲ್ಲಿ ಯಾರೋ ಬೇಲಿ ಆಕವ್ರೆ, ಬಾವ" ಎಂದ ಮಾದೇವ.

"ಮಾದೇವ, ಟೆಂಪೊ ತಿರುಗ್ಸಿ ನಿಲ್ಸಪ್ಪ" ಎಂದಳು ಸರೋಜ.

ಅಷ್ಟು ವರ್ಷ ಅನ್ನ ಹಾಕಿದ ಯಂತ್ರ ಕಣ್ಣೆದುರೇ ಗುಜರಿಗೆ ಹೊರಟಿತ್ತು. ಸಿಟ್ಟಿನಲ್ಲಿ ಮೌಸನ್ನು ರಪ್ಪನೆ ಬಲಕ್ಕೆ ತಳ್ಳಿದೆ. ಬಾಣ ಬಲದ ಅಂಚಿನಾಚೆ ಮಾಯವಾಯಿತು. "ಬಾವ, ಅಗಳಿ ನೋಡಿ! ಇತ್ತಾಗ್ ಮುಳುಗಿದ್ದು ಅತ್ತಾಗ್ ಎದ್ದದೆ!" ಎಂದು ಮಾದೇವ ಕೂಗಿದ. ನೋಡಿದರೆ ಅದು ಹಳೆಯ ಪರದೆಯ ಎಡತುದಿಯಲ್ಲಿ ಕಣ್ಣು ಮಿಟುಕಿಸುತ್ತಿದೆ! ದಕ್ಷಿಣದ ಎಲ್ಲೆ ದಾಟಿದ್ದು ಉತ್ತರದ ಕೊನೆಯಲ್ಲಿ ಮೇಲೆದ್ದಿದೆ.

ಸೆಟ್ಟಿಂಗ್ಸ್ ತೆರೆದೆ. ಅಲ್ಲಿ ಎರಡು ಪರದೆಗಳ ನಕ್ಷೆಯಿತ್ತು, ನಮ್ಮ ಸರ್ವೆ ನಕ್ಷೆಯಂತೆಯೇ. ಎರಡನೆಯದು ಲ್ಯಾಪ್‌ಟಾಪಿನ ದಕ್ಷಿಣಕ್ಕಿದೆ ಎಂದು ಅದು ಹೇಳುತ್ತಿತ್ತು. ನಾನು ಇಟ್ಟಿದ್ದು ಉತ್ತರಕ್ಕೆ. ಚಕ್ಕುಬಂದಿ ತಪ್ಪಾಗಿತ್ತು! ಆ ಚೌಕವನ್ನು ಎಳೆದು ಎಡಕ್ಕೆ ಕೂರಿಸಿದೆ. ಬದು ಒಡೆದ ಗದ್ದೆಯ ನೀರಿನ ಹಾಗೆ ಬಾಣ ಸಲೀಸಾಗಿ ಹರಿದುಹೋಯಿತು.

ಸರೋಜ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ತಾಲ್ಲೂಕಿನ ಎಲ್ಲೆಯೆಲ್ಲ ಬರೆಯೋರು, ಸ್ವಂತ ಮೇಜಿನ ದಿಕ್ಕೇ ಗೊತ್ತಾಗ್ಲಿಲ್ವಾ?" ಆದರೆ ಮಾತಿಗೆ ತಪ್ಪಲಿಲ್ಲ. ಮೂಟೆಯನ್ನು ಮೇಜಿನ ಎಡಕ್ಕಿದ್ದ ಅದೇ ಮೂಲೆಯಲ್ಲಿ ನಿಲ್ಲಿಸಿ, ಮೇಲೊಂದು ಹಲಗೆ ಹಾಕಿ, ಕಂಪ್ಯೂಟರನ್ನು ಅದರ ಮೇಲೆ ಕೂರಿಸಿದಳು. ಅಕ್ಕಿ ತೆಗೆಯುವಾಗ ಅದನ್ನು ಎತ್ತಿಕೊಡುವ ಕೆಲಸ ನನ್ನದು. ಅಕ್ಕಿ ಕರಗಿದಂತೆ ಪರದೆ ಇಳಿಯುತ್ತದೆ, ಅದರ ಜೊತೆ ನನ್ನ ತಲೆಯೂ ಬಗ್ಗುತ್ತದೆ. ಆದರೂ ನನಗೆ ಖುಷಿಯೋ ಖುಷಿ.

ಮಾದೇವ ಮಾತ್ರ ನಗಲಿಲ್ಲ. ಕಾಫಿ ಲೋಟ ಹಿಡಿದು ನಕ್ಷೆಯನ್ನೇ ನೋಡುತ್ತಿದ್ದವನು, "ಬಾವ, ನನ್ ಗದ್ದೆ ಪತ್ರನೂ ನೀವೇ ಅಲ್ವಾ ಬರ್ದಿದ್ದು?" ಎಂದು ಕೇಳಿದ. ಅರ್ಧ ಕಾಫಿ ಬಿಟ್ಟು ಟೆಂಪೊ ಹತ್ತಿದ.

ಸಂಜೆ ಫೋನು ಬಂತು. "ಬಾವ, ಪತ್ರ ಇಡ್ಕಂಡು ಗದ್ದೆ ಸುತ್ತ ಬಂದೆ. ಮೂಡಲಗಡೆ ಕಾಲ್ವೆ, ಪಡುವಲಗಡೆ ದಾರಿ, ಎಲ್ಲಾ ಸರ್ಯಾಗೇ ಅದೆ."

"ಅದರಲ್ಲೇನಯ್ಯ ಅನುಮಾನ? ಬರೆದವನು ಯಾರು!" ಎಂದು ಗತ್ತಿನಿಂದ ಹೇಳಿ ಫೋನಿಟ್ಟೆ. ಆಮೇಲೆ, ಮಧ್ಯಾಹ್ನದಿಂದ ಎರಡನೇ ಪರದೆಯ ಮೇಲೆ ತೆರೆದಿಟ್ಟುಕೊಂಡು ನಾನು ಬೆವರುತ್ತ ಒಂದೊಂದೇ ದಿಕ್ಕು ಓದುತ್ತಿದ್ದ ಮಾದೇವನ ಗದ್ದೆಪತ್ರದ ಪ್ರತಿಯನ್ನು ಮೆಲ್ಲಗೆ ಮುಚ್ಚಿದೆ.