ಉಪ್ಪು ನೀರಿಗೆ ತಕ್ಕ ಯಂತ್ರ

ಕೆಲವರಿಗೆ ಹೋದಲ್ಲೆಲ್ಲ ಪರಿಚಯದವರು ಸಿಗುತ್ತಾರೆ, ನನಗೆ ಹೋದಲ್ಲೆಲ್ಲ ಪೇಚಾಟ ಸಿಗುತ್ತದೆ. ಹೆಂಡತಿ ಇದ್ದಾಗ ಅದಕ್ಕೆ ನಗುವುದಕ್ಕೆ ಮನೆಯಲ್ಲೇ ಒಬ್ಬಳಿದ್ದಳು. ಅವಳು ಹೋಗಿ ಎರಡು ವರ್ಷ ದಾಟಿತು, ಪೇಚಾಟ ಮಾತ್ರ ನಿಂತಿಲ್ಲ. ನಗುವವರಿಲ್ಲದೆ ಸುಮ್ಮನೆ ದಂಡವಾಗುತ್ತಿದೆಯಲ್ಲ ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಎಲ್ಲವೂ ಶುರುವಾದದ್ದು ಅವಳ ಕಾಲುಂಗುರದಿಂದ.

೧. ಸಮುದ್ರ ಊರಲ್ಲಿರಲಿಲ್ಲ

ನಾವು ಬಾಗಲಕೋಟೆ ಕಡೆಯವರು. ನಮಗೆ ನೀರೆಂದರೆ ಹೊಳೆ, ಇಲ್ಲವಾದರೆ ಟ್ಯಾಂಕರು. ಜರ್ಮನಿಯ ಅಬ್‌ಸ್ಟಾಟ್ ಎಂಬ ಊರಲ್ಲಿ ಕಾರಿನ ಬ್ರೇಕಿನ ಸೆನ್ಸರ್ ಪರೀಕ್ಷಿಸುವ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾದರೂ, ಜರ್ಮನಿಗೂ ಸಮುದ್ರವಿದೆ ಎನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಮೂರು ಬೇಸಿಗೆಯ ಹಿಂದೆ ಅವಳೇ ಹಠ ಹಿಡಿದಳು.

"ಈ ಸಲ ಸಮುದ್ರ ನೋಡಬೇಕಂದ್ರ ನೋಡಬೇಕ್ರಿ. ಮುಂದಿನ ವರ್ಷ ನೋಡೂಣು ಅಂತ ಹೇಳಬ್ಯಾಡ್ರಿ."

ಒಂಬತ್ತು ತಾಸು ಕಾರು ಓಡಿಸಿ ಉತ್ತರ ಸಮುದ್ರದ ದಂಡೆ ಮುಟ್ಟಿದೆವು. ಅಲ್ಲಿ ಸಮುದ್ರವೇ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಕೆಸರು. ಇಳಿತದ ಹೊತ್ತಿನಲ್ಲಿ ನೀರು ಅಷ್ಟು ದೂರ ಹಿಂದೆ ಸರಿಯುತ್ತದೆ ಎಂದು ರೂಮು ಬುಕ್ ಮಾಡಿದ ಈ ಎಂಜಿನಿಯರನಿಗೆ ಗೊತ್ತಿರಲಿಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿ, "ನೀವು ಬರತೀರಿ ಅಂತ ಗೊತ್ತಾಗಿ ಎದ್ದು ಹೋಗೈತ್ರಿ," ಎಂದಳು.

ಮಧ್ಯಾಹ್ನದ ಮೇಲೆ ಸಮುದ್ರ ತಿರುಗಿ ಬಂತು. ಸಾಕ್ಸು ಕಳಚಿ ನೀರಲ್ಲಿ ನಡೆದಾಡಿದೆವು. ಈ ದೇಶದಲ್ಲಿ ಹೆಂಡತಿಯ ಕಾಲ್ಬೆರಳು ಕಾಣುವುದು ಅಪರೂಪ, ವರ್ಷಕ್ಕೆ ಹತ್ತು ತಿಂಗಳು ಉಣ್ಣೆಯೊಳಗೇ ಇರುತ್ತವೆ. ಹಾಗಾಗಿ ಆವತ್ತು ನೋಡಿದೆ. ಬೆರಳು ಖಾಲಿ.

"ಕಾಲುಂಗುರ ಎಲ್ಲಿ ಅದಾವ?"

ಅವಳು ಕಾಲು ನೋಡಿಕೊಂಡಳು, ನೀರು ನೋಡಿದಳು. "ಅಯ್ಯ, ಸಮುದ್ರ ತೊಗೊಂಡು ಹೋತ್ ನೋಡ್ರಿ."

"ಎರಡೂ?"

"ಒಂದ ತೊಗೊಂಡು ಅದರ ಏನ್ ಮಾಡತೈತ್ರಿ?"

ನಮ್ಮ ಮನೆತನದಲ್ಲಿ ಕಾಲುಂಗುರವನ್ನು ಮದುವೆಯಲ್ಲಿ ಗಂಡನೇ ತೊಡಿಸಬೇಕು. ಯಾವ ಕಾರಣಕ್ಕಾದರೂ ಕಾಲಿನಿಂದ ಹೊರಬಂದರೆ ಮತ್ತೆ ತೊಡಿಸಬೇಕಾದವನೂ ಅವನೇ. ನಾನು ಮಂಡಿಯೂರಿ ಮರಳು ಕೆದರತೊಡಗಿದೆ. ಜರ್ಮನ್ ಮಕ್ಕಳು ಕೋಟೆ ಕಟ್ಟುತ್ತಿರುವೆನೆಂದು ತಿಳಿದು ನನಗೊಂದು ಪ್ಲಾಸ್ಟಿಕ್ ಸಲಿಕೆ ಕೊಟ್ಟು ಹೋದವು. ಅವಳು ದಂಡೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಷ್ಟು ನಗುವಂಥದ್ದು ಏನಿದೆ ಎಂದು ನನಗೆ ಸಿಟ್ಟೇ ಬಂದಿತ್ತು.

೨. ಬರಿಗಾಲು

ಇದರಲ್ಲಿ ನಗುವಂಥದ್ದು ಕಡಿಮೆ, ಬೇಗ ಹೇಳಿ ಮುಗಿಸುತ್ತೇನೆ. ಸಮುದ್ರದಿಂದ ಮನೆಗೆ ಮರಳಿ ಹತ್ತು ದಿನಕ್ಕೆ, "ಡಾಕ್ಟರು ಒಂದು ಸ್ಕ್ಯಾನ್ ಮಾಡಸ್ರಿ ಅಂದಾರ, ಗಾಬರಿ ಆಗಬ್ಯಾಡ್ರಿ," ಎಂದಳು. ಫೆಬ್ರವರಿಗೆ ಮುಗಿದೇ ಹೋಯಿತು.

ಕಡೆಯ ದಿನ ಊರಿನಿಂದ ನಮ್ಮಕ್ಕ ವಿಡಿಯೋ ಕಾಲಿನಲ್ಲಿ ಎಲ್ಲ ಹೇಳಿಕೊಡುತ್ತಿದ್ದಳು. ಹಸಿರು ಬಳೆ ಆಯಿತು, ಕುಂಕುಮ ಆಯಿತು. "ಕಾಲುಂಗುರ?" ಎಂದಳು. ಸಮುದ್ರ ಒಯ್ದಿತು ಎಂದೆ. ಅವಳ ಮುಖ ಪರದೆಯ ತುಂಬ ದೊಡ್ಡದಾಯಿತು. "ಮುತ್ತೈದಿ ಬರಿಗಾಲಿಲೆ ಹೋಗಬಾರದೋ ತಮ್ಮಾ." ಮಗಳು ಅರಿಷಿಣದ ದಾರ ತಂದು ಅಮ್ಮನ ಬೆರಳಿಗೆ ಕಟ್ಟಿದಳು. ಗಂಟು ಸರಿಯಾಗಿ ಬೀಳಲಿಲ್ಲ. ಸ್ಮಶಾನದ ಅಧಿಕಾರಿ ಅದೇನೆಂದು ಕೇಳಿದ. ಮಗಳು ಜರ್ಮನ್‌ನಲ್ಲಿ, "ತಾತ್ಕಾಲಿಕ ವ್ಯವಸ್ಥೆ," ಎಂದಳು. ಆತ ತಲೆಯಾಡಿಸಿ ಬರೆದುಕೊಂಡ. ಈ ದೇಶದಲ್ಲಿ ಆ ಒಂದು ಮಾತು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಆದರೆ ಎರಡು ವರ್ಷವಾದರೂ ಆ ತಾತ್ಕಾಲಿಕ ನನಗೆ ನುಂಗಲಾರದ ತುತ್ತಾಗಿಯೇ ಉಳಿಯಿತು. ಅವಳು ಬರಿಗಾಲಲ್ಲಿ ಎಲ್ಲೋ ನಡೆಯುತ್ತಿದ್ದಾಳೆ ಅನ್ನಿಸುತ್ತಿತ್ತು. ಈ ಬೇಸಿಗೆಗೆ ಮುಂಚೆ ನಿಶ್ಚಯಿಸಿದೆ: ಮೆಟಲ್ ಡಿಟೆಕ್ಟರ್ ಕೊಂಡು ಅದೇ ದಂಡೆಗೆ ಹೋಗಿ ಹುಡುಕುವುದು, ಸಿಕ್ಕರೆ ಅವಳ ಬೂದಿ ಬಿಟ್ಟ ಕೃಷ್ಣೆಯಲ್ಲೇ ಬಿಡುವುದು.

೩. ಕಾಲು ಮೇಜಿನ ಮೇಲೆ

ನಮ್ಮ ಆಫೀಸಿನಲ್ಲಿ ಒಂದು ಸ್ಕ್ರೂ ಆರಿಸಬೇಕಾದರೂ ಎಕ್ಸೆಲ್ ಶೀಟು ಬೇಕು. ಹನ್ನೊಂದು ಡಿಟೆಕ್ಟರುಗಳನ್ನು ಹಾಕಿ, ನೀರು ತಡೆಯುವುದಕ್ಕೆ ಇಷ್ಟು ಅಂಕ, ತೂಕಕ್ಕೆ ಇಷ್ಟು, ಉಪ್ಪಿಗೆ ಇಷ್ಟು ಎಂದು ಪಟ್ಟಿ ಮಾಡಿದೆ. ಪಕ್ಕದ ಸೀಟಿನ ಹುಬ್ಬಳ್ಳಿ ಹುಡುಗ ಇಣುಕಿ ನೋಡಿ, "ಸರ್, ಇದರಾಗ ಸಿಗೋ ಚಾನ್ಸ್ ಎಷ್ಟಂತ ಒಂದ್ ಕಾಲಂ ಇಲ್ಲಲ್ಲಾ," ಎಂದ. ಆ ಕಾಲಂ ಬೇಕೆಂದೇ ಬಿಟ್ಟಿದ್ದೆ.

ಹೈಲ್‌ಬ್ರಾನ್ ಹತ್ತಿರ ಇಂಥವನ್ನೇ ಮಾರುವ ಒಂದು ಸಣ್ಣ ಅಂಗಡಿಯಿದೆ. ಮಾಲೀಕ ಬಿಳಿ ಗಡ್ಡದ ಮುದುಕ. ನಾನು ಶೀಟು ಮುಂದಿಟ್ಟೆ. ಆತ ಅದನ್ನು ಮಡಚಿ ಬದಿಗಿಟ್ಟು, "ಮೊದಲು ಏನು ಕಳೆದಿದೆ ಹೇಳಿ," ಎಂದ.

"ಬೆಳ್ಳಿಯ ಉಂಗುರ, ಎರಡು."

"ಯಾವ ಬೆರಳಿನದು?"

ಕಾಲಿನದು ಎಂದರೆ ಆತನಿಗೆ ತಿಳಿಯಲಿಲ್ಲ. ಯಾವ ಬೆರಳು, ಎಷ್ಟು ಅಗಲ ಎಂದು ವಿವರಿಸಿ ಸಾಕಾಗಿ ಬೂಟು ಬಿಚ್ಚಿ ಕಾಲನ್ನೇ ಎತ್ತಿ ಮೇಜಿನ ಮೇಲಿಟ್ಟೆ. ಸಾಕ್ಸಿನಲ್ಲಿ ತೂತಿತ್ತು. ತೋರಿಸಬೇಕಾದ ಬೆರಳು ತಾನಾಗಿಯೇ ಹೊರಗೆ ಬಂದಿತ್ತು.

ಮುದುಕ ಕನ್ನಡಕ ಏರಿಸಿ ಗಂಭೀರವಾಗಿ ನೋಡಿದ. "ಉಂಗುರ ಪೂರ್ತಿ ಮುಚ್ಚಿದೆಯೋ, ಬಾಯಿ ಬಿಟ್ಟಿದೆಯೋ?"

"ಬಾಯಿ ಬಿಟ್ಟಿದೆ."

"ಹಾಗಾದರೆ ಕಷ್ಟ. ಮುಚ್ಚಿದ ಉಂಗುರ ಕೂಗಿ ಹೇಳುತ್ತದೆ, ಬಾಯಿ ಬಿಟ್ಟದ್ದು ಪಿಸುಗುಡುತ್ತದೆ. ಉಪ್ಪು ನೀರು ಬೇರೆ, ಅದೇ ಒಂದು ಲೋಹದಂತೆ ಗಲಾಟೆ ಮಾಡುತ್ತದೆ. ಅಗ್ಗದ ಯಂತ್ರ ಒದ್ದೆ ಮರಳಿಗೆ ಇಟ್ಟ ಕೂಡಲೇ ಚೀರುತ್ತದೆ. ಒಂದೇ ಸಲಕ್ಕೆ ಹಲವು ತರಂಗ ಬಿಡುವ ಯಂತ್ರ ಬೇಕು. ಉಪ್ಪಿನ ಗಲಾಟೆಯನ್ನು ಅದು ಬೇರೆ ಮಾಡಿ ತೆಗೆಯುತ್ತದೆ." ಯಂತ್ರವನ್ನು ಕೈಗೆ ಕೊಟ್ಟು ಮತ್ತೆ ಹೇಳಿದ, "ಮೂರು ಬೇಸಿಗೆ ಆಗಿದೆ. ಆ ಮರಳು ದಿನಕ್ಕೆರಡು ಸಲ ಜಾಗ ಬದಲಿಸುತ್ತದೆ. ನಾನು ಯಂತ್ರ ಮಾರಬಹುದು, ಉಂಗುರ ಮಾರಲಾರೆ."

ಪರವಾಗಿಲ್ಲ ಎಂದೆ. ಹೊರಡುವಾಗ ಆತ ಬಾಗಿಲವರೆಗೆ ಬಂದು ಸಣ್ಣಗೆ ಹೇಳಿದ, "ಸಮುದ್ರಕ್ಕೆ ಹೋಗುವ ಮುಂಚೆ ಸಾಕ್ಸ್ ಕೊಳ್ಳಿ."

೪. ಒಡತಿಯ ಸಹಿ

ಇಲ್ಲಿ ಡಿಟೆಕ್ಟರ್ ಹಿಡಿದು ಸುಮ್ಮನೆ ದಂಡೆಗೆ ಇಳಿಯುವಂತಿಲ್ಲ, ಅನುಮತಿ ಬೇಕು. ನೆಲದಲ್ಲಿ ಹಳೆಯ ಕಾಲದ ವಸ್ತುಗಳಿದ್ದರೆ ಅವು ಸರ್ಕಾರದವು. ಅರ್ಜಿ ಕಳಿಸಿದ ಮೇಲೆ ಅನುಮತಿ ಕೊಡುವ ಕಚೇರಿಯ ಹೆಂಗಸು ಫೋನು ಮಾಡಿದಳು.

"ನೀವು ಹುಡುಕುವ ವಸ್ತುವಿನ ಕಾಲ ಯಾವುದು?"

"ಇಪ್ಪತ್ತೆರಡು ವರ್ಷದ ಸಂಸಾರದ ಕಾಲ."

"ಅಂದರೆ ಪ್ರಾಚೀನವಲ್ಲ," ಎಂದು ಬರೆದುಕೊಂಡಳು. "ಕಳೆದ ವಸ್ತು. ಹಾಗಾದರೆ ಅರ್ಜಿಗೆ ಒಡತಿಯ ಸಹಿ ಬೇಕಲ್ಲ, ನಿಮ್ಮದು ಮಾತ್ರ ಇದೆ."

ಒಡತಿ ಇಲ್ಲ ಎಂದೆ. ಎಲ್ಲಿಗೆ ಹೋಗಿದ್ದಾರೆ ಎಂದಳು. ಹೇಳಿದೆ. ತುಂಬ ಮೆತ್ತಗಿನ ದನಿಯಲ್ಲಿ ಅವಳೆಂದಳು, "ನನ್ನ ಸಂತಾಪ. ಹಾಗಾದರೆ ದಯವಿಟ್ಟು ವಾರಸುದಾರ ಪ್ರಮಾಣಪತ್ರದ ನಕಲು ಲಗತ್ತಿಸಿ."

೫. ಮನೆಯಂಗಳದ ಸಮುದ್ರ

ಒಂಬತ್ತು ತಾಸು ಓಡಿಸಿ ಹೋದ ಮೇಲೆ ಯಂತ್ರ ಕೈಕೊಡಬಾರದು. ಬ್ರೇಕಿನ ಸೆನ್ಸರನ್ನು ನಾವು ರಸ್ತೆಗಿಳಿಸುವ ಮುಂಚೆ ಪ್ರಯೋಗಾಲಯದಲ್ಲೇ ರಸ್ತೆ ಹುಟ್ಟಿಸಿ ನೋಡುತ್ತೇವೆ. ಅದೇ ಬುದ್ಧಿ ಓಡಿಸಿ, ಮನೆಯಲ್ಲೇ ಸಮುದ್ರ ಮಾಡಿ ಪರೀಕ್ಷಿಸುವುದೆಂದು ತೀರ್ಮಾನಿಸಿದೆ. ಮಗಳನ್ನು ಚಿಕ್ಕಂದಿನಲ್ಲಿ ಮೀಯಿಸುತ್ತಿದ್ದ ಪ್ಲಾಸ್ಟಿಕ್ ಟಬ್ಬನ್ನು ಹಿತ್ತಲ ಹುಲ್ಲಿನ ಮೇಲಿಟ್ಟು ನೀರು ತುಂಬಿದೆ. ಉಪ್ಪು? ಅಡುಗೆಮನೆಯ ಕೆಳಗಿನ ಕಪಾಟಿನ ಮೂಲೆಯಲ್ಲಿ ಅವಳು ಉಪ್ಪಿನಕಾಯಿಗೆಂದು ಇಟ್ಟ ಹರಳುಪ್ಪಿನ ಪ್ಲಾಸ್ಟಿಕ್ ಬಕೆಟ್ಟಿತ್ತು. ಅವಳಿಲ್ಲದೆ ಉಪ್ಪಿನಕಾಯಿಯೂ ಇಲ್ಲ, ಅದರ ಮುಚ್ಚಳ ತೆಗೆದವರೂ ಇಲ್ಲ. ಗಟ್ಟಿಯಾಗಿ ಹೆಂಟೆ ಕಟ್ಟಿದ್ದ ಉಪ್ಪನ್ನು ಹಾಗೇ ಟಬ್ಬಿಗೆ ಸುರಿದೆ. ಮೇಲಿನ ಮನೆಯ ಅಜ್ಜಿ ಬಾಲ್ಕನಿಯಿಂದ ನೋಡಿ, ಯಾರನ್ನು ಬೇಯಿಸುತ್ತೀರಿ ಎಂದು ಕೇಳಿದಳು.

ಯಂತ್ರವನ್ನು ನೀರ ಮೇಲೆ ಹಿಡಿದೆ. ಸಣ್ಣಗೆ ಉಲಿಯಿತು. ಯಾವ ಲೋಹವೆಂದು ಗುರುತು ಹೇಳುವ ಅಂಕಿ ಪರದೆಯಲ್ಲಿ ಬಂತು: ಅರವತ್ತೆಂಟು.

"ಉಪ್ಪಿನ ಗಲಾಟೆ," ಎಂದೆ ಮಗಳಿಗೆ, ತಿಳಿದವನಂತೆ.

ಸೂಕ್ಷ್ಮತೆ ಇಳಿಸಿದೆ. ಮತ್ತೆ ಅರವತ್ತೆಂಟು. ಉಪ್ಪಿನ ಹೊಂದಾಣಿಕೆ ಮಾಡಿದೆ. ಅರವತ್ತೆಂಟು. ಮಗಳು ಜರ್ಮನ್‌ನಲ್ಲಿ, "ಗಲಾಟೆಯಾದರೆ ಅಂಕಿ ಕುಣಿಯಬೇಕಲ್ಲ ಅಪ್ಪಾ, ಇದು ಒಂದೇ ಕಡೆ ನಿಂತಿದೆ," ಎಂದಳು. ಹದಿನೇಳು ವರ್ಷ ಸೆನ್ಸರ್ ತಿಕ್ಕಿದವನಿಗೆ ಕಲಿಸಬೇಡ ಎಂದೆ. ಅರ್ಧ ಗಂಟೆ ಒದ್ದಾಡಿ, ಅರವತ್ತೆಂಟು ಕಂಡರೆ ಸುಮ್ಮನಿರುವಂತೆ ಯಂತ್ರವನ್ನು ಹೊಂದಿಸಿದೆ. ಯಂತ್ರ ಬಾಯಿ ಮುಚ್ಚಿತು. ಗೆದ್ದೆ ಎಂದುಕೊಂಡು ಮಗಳ ಬೆಳ್ಳಿಯುಂಗುರ ಇಸಿದುಕೊಂಡು ನೀರಿಗೆ ಹಾಕಿದೆ. ಯಂತ್ರ ಅದಕ್ಕೂ ಬಾಯಿ ಬಿಡಲಿಲ್ಲ.

"ನನ್ನ ಉಂಗುರ ಕೊಡು," ಎಂದು ಮಗಳು ಮೊಣಕೈವರೆಗೆ ಕೈ ಹಾಕಿ ತಳ ತಡಕಿದಳು. ಉಂಗುರ ಬಂತು. ಜೊತೆಗೆ ಒಂದು ಸಣ್ಣ ಪ್ಲಾಸ್ಟಿಕ್ ಚೀಲವೂ ಬಂತು. ಒಳಗೆ ಚಿಟಿಕೆ ಅರಿಷಿಣ, ಮಡಚಿದ ಕಾಗದ, ಕಾಗದದೊಳಗೆ ಎರಡು ಕಾಲುಂಗುರ.

ನಾನು ಹುಲ್ಲಿನ ಮೇಲೆ ಕೂತೆ. ಮಗಳು ಕಾಗದ ಬಿಡಿಸಿ ಓದಿದಳು. ಆಸ್ಪತ್ರೆಗೆ ಯಾವತ್ತು ಬರಬೇಕೆಂದು ಬರೆದ ಟೆರ್ಮಿನ್ ಚೀಟಿ. ಸ್ಕ್ಯಾನಿಗೆ ಬರುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡತಕ್ಕದ್ದು ಎಂದಿತ್ತು. ತಾರೀಖು ನಾವು ಸಮುದ್ರಕ್ಕೆ ಹೊರಟದ್ದಕ್ಕೆ ನಾಲ್ಕು ದಿನ ಮೊದಲಿನದು.

ಒಬ್ಬಳೇ ಹೋಗಿದ್ದಾಳೆ. ಒಬ್ಬಳೇ ಬಗ್ಗಿ ತೆಗೆದಿದ್ದಾಳೆ. ಮತ್ತೆ ತೊಡಿಸು ಎಂದು ನನ್ನ ಮುಂದೆ ಕಾಲು ಚಾಚಿದರೆ ಯಾಕೆ ತೆಗೆದೆ ಎಂದು ಹೇಳಬೇಕಾಗುತ್ತಿತ್ತು. ಅದಕ್ಕೆ ಲಕ್ಷ್ಮಿಯಿರುವ ಜಾಗವೆಂದು ಉಪ್ಪಿನಲ್ಲಿಟ್ಟು, ಸಮುದ್ರದ ಮೇಲೆ ಅಪವಾದ ಹೊರಿಸಿ, ನನಗೆ ಚಿಂತೆಯಿಲ್ಲದ ಒಂದು ರಜೆ ಕೊಟ್ಟಳು. ದಂಡೆಯಲ್ಲಿ ಕೂತು ಅವಳು ಒರೆಸಿಕೊಂಡ ಕಣ್ಣು ಈಗ ನನಗೆ ಅರ್ಥವಾಯಿತು. ನಾನು ಹಿತ್ತಲಲ್ಲಿ, ಮೇಲಿನ ಅಜ್ಜಿಯ ಎದುರಿಗೇ, ಬಿಕ್ಕಿ ಬಿಕ್ಕಿ ಅತ್ತೆ.

ಮಗಳು ಪಕ್ಕದಲ್ಲಿ ಕೂತಳು. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು, "ನಿಮ್ಮಪ್ಪಗ ಸಿಗಬಾರದು ಅಂದ್ರ ಅಡಗೀಮನ್ಯಾಗ ಇಡಬೇಕು ಅಂತ ಅಮ್ಮ ಯಾವಾಗಲೂ ಅಂತಿದ್ಲು."

ಯಂತ್ರ ವಾಪಸ್ ಕೊಡಲು ಹೋದೆ. ಮುದುಕ ನೊಂದುಕೊಂಡು, "ಉಪ್ಪು ನೀರಿನಲ್ಲಿ ಕೆಲಸ ಮಾಡಲಿಲ್ಲವೇ?" ಎಂದ. ಚೆನ್ನಾಗಿ ಮಾಡಿತು, ಮಾಡದಿದ್ದವನು ನಾನು ಎಂದೆ.

೬. ಅಲ್ಲೇನೂ ಇಲ್ಲ

ಕೃಷ್ಣೆಗೆ ಒಯ್ಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳ ಒಂದು ಮಾತನ್ನೂ ಸುಳ್ಳು ಮಾಡಲು ನನ್ನಿಂದಾಗಿರಲಿಲ್ಲ, ಈಗೇಕೆ ಮಾಡಲಿ? ಸಮುದ್ರ ಒಯ್ದಿತು ಎಂದಿದ್ದಳು, ಸಮುದ್ರವೇ ಒಯ್ಯಲಿ. ಅಕ್ಕನನ್ನು ಕೇಳಿದೆ. "ಎಲ್ಲಾ ನೀರು ಒಂದಽ ತಮ್ಮಾ. ನಿನ್ನ ಕೈಲೆ ಕೊಡು, ತೊಡಿಸಿಧಂಗ ಆಗತೈತಿ," ಎಂದಳು.

ಮತ್ತೆ ಒಂಬತ್ತು ತಾಸು. ಮುಟ್ಟಿದಾಗ ಸಮುದ್ರ ಮತ್ತೆ ಇರಲಿಲ್ಲ. ನಾನೂ ಮಗಳೂ ಐದು ತಾಸು ಬುತ್ತಿ ಬಿಚ್ಚಿಕೊಂಡು ಕಾದೆವು. ನೀರು ಬಂದಾಗ ಮೊಣಕಾಲವರೆಗೆ ಇಳಿದು ಎರಡೂ ಉಂಗುರಗಳನ್ನು ಬಿಟ್ಟೆ. ಮದುವೆಯಲ್ಲಿ ಒಂದು ಉಂಗುರ ಬಿಗಿಯಾಗಿ, ಬೆರಳಿಗೆ ಎಣ್ಣೆ ಹಚ್ಚಿ ತೊಡಿಸಬೇಕಾಗಿತ್ತು. ಈ ಸಲ ಸಲೀಸಾಗಿ ಹೋದವು.

ತಿರುಗಿ ದಂಡೆ ಹತ್ತುವಾಗ ಒಬ್ಬ ಜರ್ಮನ್ ಹಿರಿಯ ನೀರಿನ ಕಡೆಗೇ ಬರುತ್ತಿದ್ದ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಡಿಟೆಕ್ಟರು. ನಾನು ವಾಪಸ್ ಕೊಟ್ಟಿದ್ದ ಅದೇ ಮಾದರಿ. ನನ್ನ ಪಟ್ಟಿಯಲ್ಲಿ ಉಪ್ಪು ನೀರಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟವನು ನಾನೇ. ಓಡಿಹೋಗಿ ಅಡ್ಡ ನಿಂತೆ.

"ಅಲ್ಲಿ ಹೋಗಬೇಡಿ. ಅಲ್ಲೇನೂ ಇಲ್ಲ. ನಾನು ಇಡೀ ದಿನ ಹುಡುಕಿದೆ."

ಆತ ನನ್ನ ಒದ್ದೆ ಪ್ಯಾಂಟು ನೋಡಿದ, ಖಾಲಿ ಕೈ ನೋಡಿದ. "ಏನು ಕಳೆದುಕೊಂಡಿರಿ?" ಎಂದ ಕನಿಕರದಿಂದ.

"ಏನಿಲ್ಲ," ಎಂದೆ. ಆತ ಥ್ಯಾಂಕ್ಸ್ ಹೇಳಿ ಬೇರೆ ದಿಕ್ಕಿಗೆ ತಿರುಗಿದ.

ಮಗಳು ಅವನು ದೂರ ಹೋಗುವ ತನಕ ತುಟಿ ಕಚ್ಚಿ ತಡೆದುಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಮರಳ ಮೇಲೆ ಕೂತು ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಸುಳ್ಳು ಹೇಳಾಕ ನಿನಗ ಬರೂದಿಲ್ಲ ಅಪ್ಪಾ," ಎಂದಳು. "ಅಮ್ಮನ ಕಡೆ ಕಲೀಬೇಕಿತ್ತು."